ಒಗ್ಗರಣೆಗೆ ಮೊದಲೇ ನಾಯಿಯ ಪಾಲು ಎತ್ತಿಡಿ: ಸಾಕುನಾಯಿಯ ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ನಾಯಿ ಇಲ್ಲದ ವರ್ಷ ನನಗೆ ನೆನಪಿಲ್ಲ. ಈಗಿರುವವನು ಕರಿಯ. ನಾಟಿ ನಾಯಿ, 11 ವರ್ಷ, 18 ಕೆಜಿ. ಹೊಸದಾಗಿ ಮರಿ ತಂದವರು, ನೆಂಟರು, ಬೀದಿಯವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಇದು ಆರೋಗ್ಯವಾಗಿರುವ ನಾಯಿಯ ಊಟದ ಮಾತು. ಕಿಡ್ನಿ, ಲಿವರ್, ಸಕ್ಕರೆ ಕಾಯಿಲೆ ಇರುವ ನಾಯಿಗೆ ಏನು ಹಾಕಬೇಕು ಅನ್ನುವುದನ್ನು ಅದನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು.

ನಾವು ತಿನ್ನುವುದನ್ನೇ ನಾಯಿಗೂ ಹಾಕಿದರೆ ಆಗಲ್ವಾ? ಅಜ್ಜಿ ಕಾಲದಿಂದ ಹಾಗೇ ಸಾಕಿದ್ದೇವಲ್ಲ?

ನಾವು ತಿನ್ನುವ ಪದಾರ್ಥ ಹಾಕಬಹುದು. ನಾವು ಮಾಡಿದ ಅಡುಗೆ ಹಾಕಬಾರದು. ಅನ್ನ, ರಾಗಿ, ಬೇಳೆ, ಮೊಟ್ಟೆ, ಕೋಳಿ, ಕುಂಬಳಕಾಯಿ ಎಲ್ಲವೂ ನಾಯಿಗೆ ಸರಿ. ಅದೇ ಬೇಳೆಗೆ ಹುಣಸೆಹುಳಿ, ಈರುಳ್ಳಿ, ಖಾರದಪುಡಿ, ಉಪ್ಪು ಬಿದ್ದು ಸಾರಾದ ಮೇಲೆ ಅದು ನಾಯಿಯ ಊಟವಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಕುಕ್ಕರ್ ತೆಗೆದ ತಕ್ಷಣ, ಒಗ್ಗರಣೆ ಸೌಟು ಒಲೆಗೆ ಇಡುವ ಮೊದಲು, ಕರಿಯನ ಪಾಲು ಬೇರೆ ಬೋಗುಣಿಗೆ ಹೋಗಬೇಕು. ಬೆಂದ ಬೇಳೆ, ತರಕಾರಿ, ಅನ್ನ, ಅಷ್ಟೇ. ಬೇರೆ ಅಡುಗೆಯ ರಗಳೆಯೂ ಇಲ್ಲ, ಅಪಾಯವೂ ಇಲ್ಲ.

ಅಜ್ಜಿ ಕಾಲದ ಮಾತಿಗೆ ನನಗೆ ಗೌರವವಿದೆ. ಆದರೆ ಆಗಿನ ನಾಯಿಗಳು ಹಗಲಿಡೀ ಹೊಲ, ತಿಪ್ಪೆ ಸುತ್ತುತ್ತಿದ್ದವು. ಇಲಿ, ಹೆಗ್ಗಣ ಹಿಡಿದು ತಿನ್ನುತ್ತಿದ್ದವು. ಮನೆಯ ಮುದ್ದೆ ಅವುಗಳ ಊಟದ ಒಂದು ಭಾಗ ಮಾತ್ರ. ಇವತ್ತು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವ ನಾಯಿಗೆ ನಾವು ಹಾಕಿದ್ದಷ್ಟೇ ಊಟ.

ಸಾರಿನಲ್ಲಿ ನಾಯಿಗೆ ಆಗದ್ದು ಏನಿದೆ?

ಮೂರು ವಸ್ತು. ಮೊದಲನೆಯದು ಈರುಳ್ಳಿ, ಎರಡನೆಯದು ಬೆಳ್ಳುಳ್ಳಿ. ಇವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆದುಹಾಕುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ಈ ಗುಣ ಹೋಗುವುದಿಲ್ಲ. ಪ್ರತಿ ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು, ರಕ್ತದಲ್ಲಿ ಏರುಪೇರು ಕಾಣುತ್ತದೆ. ಅಂದರೆ 10 ಕೆಜಿ ನಾಯಿಗೆ ಎರಡು ಮಧ್ಯಮ ಗಾತ್ರದ ಈರುಳ್ಳಿ. ಬೆಳ್ಳುಳ್ಳಿಯ ವಿಷ ಅದಕ್ಕಿಂತ ಜಾಸ್ತಿ. ದಿನಾ ಸ್ವಲ್ಪ ಸ್ವಲ್ಪ ಹೋದರೂ ತೊಂದರೆಯೇ. ತಿಂದ ದಿನ ಏನೂ ಗೊತ್ತಾಗುವುದಿಲ್ಲ. ಎರಡು ಮೂರು ದಿನ ಬಿಟ್ಟು ನಾಯಿ ಮಂಕಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಮೊನ್ನೆಯ ಪಲಾವ್ ಯಾರಿಗೂ ನೆನಪಾಗುವುದಿಲ್ಲ.

ಮೂರನೆಯದು ಹುಣಸೆಹಣ್ಣು. ಇದು ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. ದ್ರಾಕ್ಷಿ ತಿಂದ ನಾಯಿಯ ಕಿಡ್ನಿ ಕೆಡುವುದು ಯಾಕೆ ಅಂತ ವರ್ಷಗಟ್ಟಲೆ ತಿಳಿದಿರಲಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ ಅಮೆರಿಕದ ಪಶುವೈದ್ಯರು 2021ರಲ್ಲಿ ಹೇಳಿದರು. ಹುಣಸೆಹಣ್ಣಿನಲ್ಲಿ ತುಂಬಿರುವುದೂ ಅದೇ ಆಮ್ಲ. ಹುಣಸೆಹಣ್ಣು ತಿಂದ ನಾಯಿಗಳ ಕಿಡ್ನಿ ಅದೇ ರೀತಿ ಕೆಟ್ಟದ್ದು ಆಮೇಲೆ ವೈದ್ಯಕೀಯ ವರದಿಗಳಲ್ಲಿ ಬಂದಿದೆ. ಒಂದು ದಿನ ಸಾರು ನೆಕ್ಕಿದ ನಾಯಿಗೆಲ್ಲ ಹೀಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹುಳಿ, ಗೊಜ್ಜು, ಪುಳಿಯೋಗರೆ, ಕಿವುಚಿ ಬಿಸಾಡಿದ ಹುಣಸೆ ಚರಟ ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಹಬ್ಬದ ದಿನ ಒಂಚೂರು ಪಾಯಸ, ಕೇಸರಿಬಾತ್ ಕೊಡಬಹುದಾ?

ಬೇಡ. ಮುಖ್ಯ ಕಾರಣ ಒಣದ್ರಾಕ್ಷಿ. ಹಣ್ಣಿನಲ್ಲಿರುವ ವಿಷವೇ ಒಣಗಿದಾಗ ಇನ್ನೂ ಗಟ್ಟಿಯಾಗಿರುತ್ತದೆ. ಯಾವ ನಾಯಿಗೆ ಎಷ್ಟು ತಿಂದರೆ ಕೆಡುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಒಂದು ನಾಯಿ ಹಿಡಿ ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕು ತಿಂದು ಆಸ್ಪತ್ರೆ ಸೇರುತ್ತದೆ. ಕೇಸರಿಬಾತ್, ಶಾವಿಗೆ ಪಾಯಸ, ಲಾಡು, ಪ್ರಸಾದದ ಪೊಟ್ಟಣ ಎಲ್ಲದರಲ್ಲೂ ದ್ರಾಕ್ಷಿ ಇರುತ್ತದೆ. ಎರಡನೇ ಕಾರಣ ತುಪ್ಪ. ಒಂದೇ ಸಲ ಜಾಸ್ತಿ ಜಿಡ್ಡು ಹೊಟ್ಟೆಗೆ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಪ್ಯಾಂಕ್ರಿಯಾಟೈಟಿಸ್ ಅನ್ನುತ್ತಾರೆ. ನಾಯಿ ಬೆನ್ನು ಬಾಗಿಸಿಕೊಂಡು ನರಳುತ್ತದೆ, ವಾಂತಿ ನಿಲ್ಲುವುದಿಲ್ಲ. ಹಬ್ಬದ ಮಾರನೇ ದಿನ ಇಂಥ ನಾಯಿಗಳನ್ನು ನಾನೇ ನೋಡಿದ್ದೇನೆ.

ಹಬ್ಬ ಅಂತ ಏನಾದರೂ ಕೊಡಲೇಬೇಕು ಅನಿಸಿದರೆ ಒಂದು ಬೇಯಿಸಿದ ಮೊಟ್ಟೆ ಕೊಡಿ. ನಾಯಿಗೆ ಒಬ್ಬಟ್ಟಿಗಿಂತ ಅದೇ ಖುಷಿ.

ಮನೆಯಲ್ಲಿರುವ ಬೇರೆ ಅಪಾಯಗಳು ಯಾವುವು?

ಚಾಕೊಲೇಟ್. ಬಣ್ಣ ಕಪ್ಪಾದಷ್ಟೂ ವಿಷ ಜಾಸ್ತಿ. 10 ಕೆಜಿ ನಾಯಿ 50 ಗ್ರಾಂ ಡಾರ್ಕ್ ಚಾಕೊಲೇಟ್ ತಿಂದರೆ ಎದೆಬಡಿತ ಏರುಪೇರಾಗುವಷ್ಟು ಥಿಯೋಬ್ರೊಮಿನ್ ಅನ್ನುವ ವಿಷ ಹೊಟ್ಟೆಗೆ ಹೋಗಿರಬಹುದು. ಕಾಫಿಪುಡಿ, ಫಿಲ್ಟರಿನ ಚರಟ ಕೂಡ ಇದೇ ಜಾತಿ. ಚರಟವನ್ನು ಗಿಡದ ಬುಡಕ್ಕೆ ಹಾಕುವವರು ನಾಯಿ ಅಲ್ಲಿ ಕೆದಕುತ್ತದಾ ಅಂತ ನೋಡಿ.

ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಪೆಪ್ಪರ್‌ಮಿಂಟ್, ಕೆಲವು ಪೀನಟ್ ಬಟರ್‌ಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ. ಲೇಬಲ್ ಮೇಲೆ ಬರೀ 967 ಅನ್ನುವ ಸಂಖ್ಯೆ ಇರಬಹುದು. ನಮಗೆ ಅದರಿಂದ ಏನೂ ಆಗುವುದಿಲ್ಲ. ನಾಯಿಗೆ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ತೂರಾಡಿ ಬೀಳಬಹುದು, ಆಮೇಲೆ ಲಿವರ್ ಕೂಡ ಕೆಡಬಹುದು. ಬ್ಯಾಗು, ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಗಮ್ ಇಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಬೂಷ್ಟು ಹಿಡಿದ ಕಡಲೆಕಾಯಿ, ರೊಟ್ಟಿ, ಬ್ರೆಡ್ಡು ಕೂಡ "ನಾಯಿಗಾದರೂ ಆಗಲಿ" ಅಂತ ಹಾಕಬೇಡಿ. ಆ ಬೂಷ್ಟಿನ ವಿಷ ನಾಯಿಯ ಲಿವರನ್ನೇ ಕೆಡಿಸುತ್ತದೆ.

ತಿನ್ನಬಾರದ್ದು ತಿಂದುಬಿಟ್ಟಿದೆ. ಈಗ ಏನು ಮಾಡಲಿ?

ಡಾಕ್ಟರಿಗೆ ಫೋನ್ ಮಾಡಿ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಿಗೆ, ನಾಯಿಯ ತೂಕ ಎಷ್ಟು, ಈ ನಾಲ್ಕು ಹೇಳಿ. ಪೊಟ್ಟಣವನ್ನು ಜೊತೆಗೆ ಒಯ್ಯಿರಿ. ವಾಂತಿ ಮಾಡಿಸುವುದಿದ್ದರೆ ಸಾಮಾನ್ಯವಾಗಿ ಮೊದಲ ಎರಡು ಗಂಟೆಯೊಳಗೆ ಮಾಡಿಸಬೇಕು. ಅದಕ್ಕೇ "ನೋಡೋಣ, ಬೆಳಗ್ಗೆವರೆಗೆ ಕಾಯೋಣ" ಅನ್ನಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಬೇಡವೇ ಬೇಡ. ಉಪ್ಪೇ ವಿಷವಾಗಬಹುದು. ನಮ್ಮ ಮಾತ್ರೆ ಡಬ್ಬಿಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೂಡ ನಾಯಿಗೆ ಕೊಡಬೇಡಿ.

ಮನೆ ಹತ್ತಿರ ರಾತ್ರಿ ಯಾವ ಕ್ಲಿನಿಕ್ ತೆರೆದಿರುತ್ತದೆ ಅಂತ ಇವತ್ತೇ ಹುಡುಕಿ ಫೋನಿನಲ್ಲಿ ಉಳಿಸಿಕೊಳ್ಳಿ.

ರಾಗಿ ಮುದ್ದೆ ಹಾಕಿ ಸಾಕಬಹುದಾ?

ಮುದ್ದೆ ಹಾಕಬಹುದು. ಬರೀ ಮುದ್ದೆ ಹಾಕಿ ಸಾಕಬಾರದು. ನಾಯಿಗೆ ಹಿಟ್ಟು ಜೀರ್ಣವಾಗುವುದಿಲ್ಲ ಅನ್ನುವ ಮಾತು ನಿಜವಲ್ಲ. ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ನಾಯಿಯಲ್ಲಿ ಪಿಷ್ಟ ಅರಗಿಸುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ಎಷ್ಟೋ ಹೆಚ್ಚಿವೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ತೋರಿಸಿದರು. ಚೆನ್ನಾಗಿ ಬೆಂದಿರಬೇಕು, ಅಷ್ಟೇ. ಗಂಟು ಇರುವ, ಹಸಿಹಿಟ್ಟಿನ ವಾಸನೆ ಬರುವ ಮುದ್ದೆ ಹೊಟ್ಟೆ ಕೆಡಿಸುತ್ತದೆ.

ತೊಂದರೆ ಇರುವುದು ಪ್ರೋಟೀನಿನದ್ದು. ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ನೂರಕ್ಕೆ 7ರಷ್ಟು. ದೊಡ್ಡ ನಾಯಿಯ ಊಟದಲ್ಲಿ, ನೀರಿನ ಅಂಶ ಕಳೆದು ಲೆಕ್ಕ ಹಾಕಿದರೆ, ಕನಿಷ್ಠ 18ರಷ್ಟು ಇರಬೇಕು. ಮರಿಗೆ 22.5. ಅದಕ್ಕೇ ಮುದ್ದೆಯ ಜೊತೆ ಮೊಟ್ಟೆ, ಕೋಳಿ, ಮೀನು ಇರಲೇಬೇಕು. ಮುದ್ದೆಯನ್ನು ನಿಂಬೆ ಗಾತ್ರಕ್ಕೆ ಮುರಿದು, ಆರಿಸಿ, ನೀರಾದ ಚಿಕನ್ ಬೇಯಿಸಿದ ರಸದಲ್ಲಿ ಕದಡಿ ಹಾಕಿ. ಇಡೀ ಮುದ್ದೆ ಇಟ್ಟರೆ ಆಸೆಬುರುಕ ನಾಯಿ ಒಂದೇ ಗುಟುಕಿಗೆ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತದೆ.

ಒಂದು ದಿನಕ್ಕೆ ಎಷ್ಟು ಹಾಕಬೇಕು? ಅಳತೆ ಹೇಳಿ.

ಮರಿಯಾಗದ ಹಾಗೆ ಆಪರೇಷನ್ ಆಗಿರುವ, ಸಾಧಾರಣ ಓಡಾಟದ 10 ಕೆಜಿ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. 20 ಕೆಜಿ ನಾಯಿಗೆ ಎರಡರಷ್ಟು ಬೇಡ, 1,000 ಸಾಕು. 10 ಕೆಜಿ ನಾಯಿಗೆ ಮನೆ ಊಟ ಹೀಗಿರಬಹುದು: ಮೂಳೆ ಇಲ್ಲದ ಕೋಳಿ 150 ಗ್ರಾಂ, ಬೇಯಿಸಿದ ಮೊಟ್ಟೆ 1, ಅನ್ನ 200 ಗ್ರಾಂ ಅಥವಾ ಅಷ್ಟೇ ಕ್ಯಾಲೊರಿಯ ಮುದ್ದೆ, ಸಿಹಿಗುಂಬಳ, ಹುರುಳಿಕಾಯಿ, ಕ್ಯಾರೆಟ್ ಸೇರಿ ಒಂದು ಹಿಡಿ, ಎಣ್ಣೆ 1 ಟೀ ಚಮಚ. ಇದನ್ನು ಎರಡು ಹೊತ್ತಿಗೆ ಹಂಚಿ. ಕೋಳಿಯ ತೂಕ ಬೇಯಿಸುವ ಮೊದಲಿನದು. ಬೇಯಿಸಿದ ನೀರನ್ನು ಚೆಲ್ಲಬೇಡಿ, ಅನ್ನಕ್ಕೆ ಕಲಸಿ.

ಇಷ್ಟು ಮಾಡಿದರೂ ಇದು ಪೂರ್ತಿ ಊಟವಲ್ಲ. ಕ್ಯಾಲ್ಸಿಯಂ, ಸತು, ಅಯೋಡಿನ್, ವಿಟಮಿನ್ ಡಿ ಮತ್ತು ಇ ಕಡಿಮೆ ಬೀಳುತ್ತವೆ. ಅಮೆರಿಕದಲ್ಲಿ 2013ರಲ್ಲಿ ನಾಯಿಯ ಮನೆ ಅಡುಗೆಯ 200 ಪಾಕವಿಧಾನಗಳನ್ನು ಪರೀಕ್ಷಿಸಿದರು. ಅದರಲ್ಲಿ ನೂರಕ್ಕೆ 95ರಲ್ಲಿ ಒಂದಾದರೂ ಬೇಕಾದ ಅಂಶ ಕಡಿಮೆ ಇತ್ತು. ಪಾಕವಿಧಾನ ಬರೆದವರಲ್ಲಿ ಪಶುವೈದ್ಯರೂ ಇದ್ದರು. ಅದಕ್ಕೇ ಮನೆ ಊಟವನ್ನೇ ಹಾಕುವವರು ಯಾವ ಸಪ್ಲಿಮೆಂಟ್, ಎಷ್ಟು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಒಂದು ಹೊತ್ತು ಪ್ಯಾಕೆಟ್ ಊಟ, ಒಂದು ಹೊತ್ತು ಮನೆ ಊಟ ಅನ್ನುವುದು ಕೆಲಸಕ್ಕೆ ಹೋಗುವವರಿಗೆ ಒಳ್ಳೆಯ ದಾರಿ. ನಾನೂ ಹಾಗೇ ಮಾಡುತ್ತೇನೆ.

ರಾಗಿಯಲ್ಲೇ ಕ್ಯಾಲ್ಸಿಯಂ ಇದೆಯಲ್ಲ, ಬೇರೆ ಯಾಕೆ?

100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಹಾಲಿಗಿಂತ ಜಾಸ್ತಿ. ಆದರೆ ಅದರಲ್ಲಿ ಒಂದಷ್ಟು ಮೈಗೆ ಹತ್ತದೆ ಹಾಗೇ ಹೋಗುತ್ತದೆ. ಮೇಲೆ ಹೇಳಿದ 10 ಕೆಜಿ ನಾಯಿಗೆ ದಿನಕ್ಕೆ 750 ಮಿಲಿಗ್ರಾಂ ಆಸುಪಾಸು ಬೇಕು. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಮೈ ಅದನ್ನು ಮೂಳೆಯಿಂದ ಕಿತ್ತುಕೊಳ್ಳುತ್ತದೆ.

ಮೊಟ್ಟೆ ಚಿಪ್ಪು ಇದಕ್ಕೆ ಸುಲಭದ ಉಪಾಯ. ಚಿಪ್ಪನ್ನು ತೊಳೆದು ಹತ್ತು ನಿಮಿಷ ಕುದಿಸಿ. ಬಿಸಿಲಲ್ಲಿ ಗರಿಗರಿ ಒಣಗಿಸಿ. ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಮಾಡಿ, ಬೆರಳಲ್ಲಿ ಉಜ್ಜಿದರೆ ಚುಚ್ಚಬಾರದು. 1 ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಾಗಾಗಿ 10 ಕೆಜಿ ನಾಯಿಗೆ ದಿನಕ್ಕೆ 2 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕೂ ಕಡಿಮೆ. ಪ್ಯಾಕೆಟ್ ಊಟ ತಿನ್ನುವ ನಾಯಿಗೆ ಇದು ಬೇಡ. ಅದರಲ್ಲೂ ದೊಡ್ಡ ತಳಿಯ ಮರಿಗಳಿಗೆ ಸುಮ್ನೆ ಕ್ಯಾಲ್ಸಿಯಂ ಸಿರಪ್ ಕುಡಿಸಬೇಡಿ. ಜಾಸ್ತಿಯಾದರೆ ಮೂಳೆ, ಕೀಲು ಸೊಟ್ಟ ಬೆಳೆಯುತ್ತವೆ.

ನಮ್ಮದು ಸಸ್ಯಾಹಾರಿ ಮನೆ. ನಾಯಿಯನ್ನೂ ಹಾಗೇ ಸಾಕಬಹುದಾ?

ಸಾಕಬಹುದು, ಆದರೆ ಕಷ್ಟಪಡಬೇಕು. ಬೆಕ್ಕಿನ ಹಾಗೆ ನಾಯಿಗೆ ಮಾಂಸ ಇಲ್ಲದೆ ಆಗುವುದೇ ಇಲ್ಲ ಅಂತಿಲ್ಲ. ಆದರೆ ಮೊಸರನ್ನ ಹಾಕಿ "ನಮ್ಮ ನಾಯಿ ಬರೀ ಮೊಸರನ್ನ ತಿಂದೇ ಇದೆ" ಅನ್ನುವವರ ನಾಯಿಯ ಕೂದಲು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ: ಒಣಗಿ, ಉದುರಿ, ಹೊಟ್ಟು ಏಳುತ್ತಿರುತ್ತದೆ. ಮೊಟ್ಟೆಗೆ ಮನೆಯಲ್ಲಿ ಒಪ್ಪಿಗೆ ಇದ್ದರೆ ಅರ್ಧ ಚಿಂತೆ ಹೋಯಿತು. ಇಲ್ಲದಿದ್ದರೆ ಪನೀರ್, ಮೊಸರು, ಚೆನ್ನಾಗಿ ಬೆಂದ ಹೆಸರುಬೇಳೆ, ಸೋಯಾ ಇವುಗಳ ಜೊತೆ ಬಿ12, ಟಾರಿನ್, ಮೆಥಿಯೊನಿನ್ ಅನ್ನುವ ಪೋಷಕಾಂಶಗಳನ್ನೂ ಕೊಡಬೇಕಾಗುತ್ತದೆ. ಇದಕ್ಕಿಂತ ಪೂರ್ಣ ಆಹಾರ ಅಂತ ಬರೆದ ಸಸ್ಯಾಹಾರಿ ಪ್ಯಾಕೆಟ್ ತರುವುದು ಮೇಲು. ಮರಿಗೆ, ಬಸುರಿ ನಾಯಿಗೆ ಈ ಪ್ರಯೋಗ ಬೇಡ ಅನ್ನುವುದು ನನ್ನ ಮಾತು.

ಹಾಲು ಕೊಡಬಹುದಾ?

ತುಂಬ ನಾಯಿಗಳಿಗೆ ದೊಡ್ಡವಾದ ಮೇಲೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಮೊಸರು, ನೀರು ಮಜ್ಜಿಗೆ ಒಂದೆರಡು ಚಮಚ ಪರವಾಗಿಲ್ಲ. ಒಗ್ಗರಣೆ ಹಾಕಿದ ಮಜ್ಜಿಗೆ ಅಲ್ಲ.

ಮೂಳೆ ಹಾಕದಿದ್ದರೆ ಅದೇನು ನಾಯಿ ಅಲ್ವಾ?

ಬೆಂದ ಮೂಳೆ ಯಾವುದನ್ನೂ ಹಾಕಬೇಡಿ. ಬೆಂದ ಕೋಳಿ ಮೂಳೆ ಕಚ್ಚಿದಾಗ ಸೂಜಿಯ ಹಾಗೆ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ. ಮಟನ್ ಮೂಳೆ ಜಾಸ್ತಿ ತಿಂದರೆ ಮಲ ಸುಣ್ಣದ ಗಟ್ಟಿಯಾಗಿ ಹೊರಗೆ ಬರದೆ ನಾಯಿ ಅಳುತ್ತದೆ. ಹಲ್ಲೂ ಮುರಿಯುತ್ತದೆ. ಮೂಳೆಯನ್ನು ಬೇಯಿಸಿ ರಸ ಮಾತ್ರ ಕೊಡಿ, ಮೇಲೆ ತೇಲುವ ಕೊಬ್ಬು ತೆಗೆದು.

ಹಸಿ ಮಾಂಸದ ಬಗ್ಗೆಯೂ ಕೇಳುತ್ತಾರೆ. ನಮ್ಮ ಕೋಳಿ ಅಂಗಡಿಯಿಂದ ಮನೆಗೆ ಬರುವ ಮಾಂಸದಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ನಾಯಿ ತಡೆದುಕೊಂಡರೂ ಅದು ನೆಕ್ಕುವ ಮಗು ತಡೆದುಕೊಳ್ಳುವುದಿಲ್ಲ. ಬೇಯಿಸಿಯೇ ಹಾಕಿ. ಮೊಟ್ಟೆಯೂ ಅಷ್ಟೇ. ಕಲೀಜ ವಾರಕ್ಕೆ ಒಂದೆರಡು ಸಲ ಸ್ವಲ್ಪವೇ ಸಾಕು. ದಿನಾ ಹಾಕಿದರೆ ವಿಟಮಿನ್ ಎ ವಿಪರೀತವಾಗುತ್ತದೆ.

ಕರಾವಳಿಯವರಿಗೆ ಬೂತಾಯಿ, ಬಂಗುಡೆ ಸುಲಭವಾಗಿ ಸಿಗುತ್ತವೆ, ನಾಯಿಯ ಚರ್ಮಕ್ಕೂ ತುಂಬ ಒಳ್ಳೆಯದು. ಉಪ್ಪು ಖಾರ ಇಲ್ಲದೆ ಬೇಯಿಸಿ, ನಡುಮುಳ್ಳು ಬಿಡಿಸಿ, ಉಳಿದದ್ದನ್ನು ಬೆರಳಲ್ಲಿ ಹಿಸುಕಿ ನೋಡಿ ಹಾಕಿ. ಒಣಮೀನು ಬೇಡ, ಅದು ಬರೀ ಉಪ್ಪು.

ಪ್ಯಾಕೆಟ್ ಊಟ ಆರಿಸುವಾಗ ಏನು ನೋಡಬೇಕು?

ಮುಂದಿನ ಚಿತ್ರ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. "ಪೂರ್ಣ ಮತ್ತು ಸಮತೋಲಿತ" ಅನ್ನುವ ಅರ್ಥದ ಸಾಲು ಇದೆಯಾ, ಅದು ಮರಿಗೋ ದೊಡ್ಡ ನಾಯಿಗೋ ಅಂತ ನೋಡಿ. ಬರೀ ಪೂರಕ ಆಹಾರ ಅಂತಿದ್ದರೆ ಅದೊಂದನ್ನೇ ಹಾಕಿ ಸಾಕಲು ಬರುವುದಿಲ್ಲ. ಗೋಣಿಯಿಂದ ಬಿಡಿಯಾಗಿ ತೂಗಿ ಕೊಡುವುದನ್ನು ತರಬೇಡಿ. ಮಲೆನಾಡಿನ ಮಳೆಗಾಲದಲ್ಲಂತೂ ತೆರೆದ ಚೀಲ ವಾರದಲ್ಲೇ ಮೆತ್ತಗಾಗುತ್ತದೆ. ಸಣ್ಣ ಚೀಲ ತಂದು, ಚೀಲದ ಸಮೇತ ಬಿಗಿ ಡಬ್ಬಿಯಲ್ಲಿಡಿ. ಹೊಸ ಊಟಕ್ಕೆ ಒಂದೇ ದಿನದಲ್ಲಿ ಬದಲಾಯಿಸಬೇಡಿ. ಹಳೆಯದರಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತ ಒಂದು ವಾರ ತೆಗೆದುಕೊಳ್ಳಿ.

ಮರಿಗೆ ಹಸುವಿನ ಹಾಲು, ಸೆರೆಲಾಕ್ ಹಾಕುತ್ತಿದ್ದೇವೆ. ಸಾಕಾ?

ಸಾಲದು. ನಾಯಿ ಹಾಲಿನಲ್ಲಿ ಹಸುವಿನ ಹಾಲಿಗಿಂತ ಪ್ರೋಟೀನೂ ಕೊಬ್ಬೂ ಎರಡರಷ್ಟಕ್ಕೂ ಜಾಸ್ತಿ. ತಾಯಿ ಇಲ್ಲದ ಮರಿಗೆ ಮೆಡಿಕಲ್ ಅಂಗಡಿಯಲ್ಲಿ ನಾಯಿಮರಿಯ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ತನ್ನಿ. ಆರರಿಂದ ಎಂಟು ವಾರದ ಹೊತ್ತಿಗೆ ಮರಿಗಳ ಊಟ ನೆನೆಸಿ ಮೆತ್ತಗೆ ಮಾಡಿ ಹಾಕಿ. ಮೂರು ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಮನುಷ್ಯ ಮಗುವಿನ ಆಹಾರ ಮರಿಯ ಮೂಳೆಗೆ ಸಾಲುವುದಿಲ್ಲ. ಜಂತುಹುಳದ ಔಷಧಿ ಮರೆಯಬೇಡಿ, ಹುಳ ಇದ್ದರೆ ಎಂಥ ಊಟ ಹಾಕಿದರೂ ಮೈ ಹಿಡಿಯುವುದಿಲ್ಲ.

ನಾಯಿ ಸಣ್ಣಗಿದೆಯೋ ದಪ್ಪಗಿದೆಯೋ ಹೇಗೆ ತಿಳಿಯುವುದು?

ನಿಮ್ಮ ಕೈಯನ್ನೇ ಅಳತೆಗೋಲು ಮಾಡಿಕೊಳ್ಳಿ. ಅಂಗೈ ಚಾಚಿ ಅದರ ಹಿಂಬದಿಯನ್ನು ಇನ್ನೊಂದು ಕೈಯಿಂದ ಸವರಿ. ನಾಯಿಯ ಪಕ್ಕೆಲುಬು ಹಾಗೆ ಸಿಕ್ಕರೆ ಸರಿಯಾಗಿದೆ. ಮುಷ್ಟಿ ಕಟ್ಟಿದಾಗ ಗೆಣ್ಣು ಸಿಗುವ ಹಾಗಿದ್ದರೆ ಸೊರಗಿದೆ. ಅಂಗೈಯ ಒಳಬದಿಯ ಹಾಗೆ ಮೆತ್ತಗಿದ್ದು ಒತ್ತಿ ಹುಡುಕಬೇಕಾದರೆ ದಪ್ಪಗಾಗಿದೆ. ಬಾಗಲಕೋಟೆ ಕಡೆಯ ಮುಧೋಳ ನಾಯಿ ಸಾಕಿದವರು ಮಾತ್ರ ಬೇರೆ ಲೆಕ್ಕ ಇಟ್ಟುಕೊಳ್ಳಬೇಕು. ಓಡುವುದಕ್ಕೇ ಹುಟ್ಟಿದ ತಳಿ ಅದು, ಒಂದೆರಡು ಪಕ್ಕೆಲುಬು ಕಾಣುವುದು ಸಹಜ. "ಬಡಕಲಾಗಿದೆ" ಅಂತ ನೆಂಟರು ಹೇಳಿದ್ದಕ್ಕೆ ಅದನ್ನು ಲ್ಯಾಬ್ರಡಾರ್ ಮಾಡಲು ಹೋಗಬೇಡಿ. ಆಳವಾದ ಎದೆಯ ಇಂಥ ನಾಯಿಗಳಿಗೆ ಊಟವಾದ ತಕ್ಷಣ ಓಟ ಬೇಡ. ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ದಪ್ಪಗಿರುವುದು ಮುದ್ದು ಅಲ್ಲ. 48 ಲ್ಯಾಬ್ರಡಾರ್‌ಗಳನ್ನು ಹುಟ್ಟಿನಿಂದ ಸಾವಿನವರೆಗೆ ಗಮನಿಸಿದ ಅಧ್ಯಯನ 2002ರಲ್ಲಿ ಹೊರಬಂತು. ನಾಯಿಗಳನ್ನು ಎರಡೆರಡರ ಜೋಡಿ ಮಾಡಿದ್ದರು. ಜೋಡಿಯ ಇನ್ನೊಂದು ನಾಯಿಗಿಂತ ಕಾಲು ಭಾಗ ಕಡಿಮೆ ಊಟ ತಿಂದ ನಾಯಿಗಳು ಸರಾಸರಿ 1.8 ವರ್ಷ ಹೆಚ್ಚು ಬದುಕಿದವು.

ಹಣ್ಣು, ಬಿಸ್ಕತ್ತು?

ಬಾಳೆ, ಪಪಾಯ, ಬೀಜ ತೆಗೆದ ಸೇಬು, ಕಲ್ಲಂಗಡಿ ಎರಡು ಮೂರು ಹೋಳು ಕೊಡಿ. ಹಣ್ಣು, ಬಿಸ್ಕತ್ತು, ತಿಂಡಿ ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ದಾಟಬಾರದು. ಟೀ ಜೊತೆಯ ಬಿಸ್ಕತ್ತು ಮೈದಾ ಮತ್ತು ಸಕ್ಕರೆ. ಅಭ್ಯಾಸವಾದರೆ ನಾಯಿ ಊಟ ಬಿಟ್ಟು ಅದಕ್ಕೇ ಕಾಯುತ್ತದೆ.

ಮಾವಿನ ಓಟೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕರಿಯನಿಗೆ ಆಗ ಮೂರು ವರ್ಷ. ಮೇ ತಿಂಗಳು, ಮನೆತುಂಬ ಮಕ್ಕಳು, ಅಂಗಳದಲ್ಲಿ ರಸಪುರಿ ಬುಟ್ಟಿ. ಚೀಪಿ ಎಸೆದ ಓಟೆಯನ್ನು ಅವನು ನುಂಗಿದ್ದು ಯಾರೂ ನೋಡಲಿಲ್ಲ. ಎರಡು ದಿನ ನೀರು ಕುಡಿದರೂ ವಾಂತಿ. ಬಿಸಿಲಿಗೆ ಅಂದುಕೊಂಡೆವು. ಮೂರನೇ ದಿನ ಸ್ಕ್ಯಾನಿನಲ್ಲಿ ಕರುಳಲ್ಲಿ ಸಿಕ್ಕಿಕೊಂಡಿದ್ದು ಕಂಡಿತು. ಆಪರೇಷನ್ ಆಗಿ ಬದುಕಿದ. ಹೊಟ್ಟೆಯ ಮೇಲಿನ ಗೆರೆಯಲ್ಲಿ ಇವತ್ತಿಗೂ ಕೂದಲು ಸರಿಯಾಗಿ ಬಂದಿಲ್ಲ. ಜೋಳದ ದಿಂಡು ಕೂಡ ಹೀಗೇ ಸಿಕ್ಕಿಕೊಳ್ಳುತ್ತದೆ. ಮಾವಿನ ಕಾಲದಲ್ಲಿ ಕಸದ ಬುಟ್ಟಿಗೆ ಮುಚ್ಚಳ ಇರಲಿ.

ಭೇದಿಯಾಗುತ್ತಿದೆ. ಊಟ ನಿಲ್ಲಿಸಬೇಕಾ?

ಚುರುಕಾಗಿರುವ ದೊಡ್ಡ ನಾಯಿಯಾದರೆ ಒಂದೆರಡು ದಿನ ಮೆತ್ತಗಿನ ಅನ್ನ, ಚರ್ಮ ತೆಗೆದ ಬೇಯಿಸಿದ ಕೋಳಿ ಸ್ವಲ್ಪ ಸ್ವಲ್ಪ ಹಾಕಿ. ನೀರು ಸದಾ ಇರಲಿ. ರಕ್ತ ಬಂದರೆ, ವಾಂತಿ ಸೇರಿಕೊಂಡರೆ, ಅಥವಾ ಮರಿಯಾಗಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ಪಾರ್ವೊ ಅನ್ನುವ ವೈರಸ್ ಕಾಯಿಲೆ ಇದ್ದರೆ ಒಂದು ರಾತ್ರಿ ಕಾಯುವುದೂ ಜಾಸ್ತಿಯೇ.

ವಯಸ್ಸಾದ ನಾಯಿಗೆ ಏನು ಬದಲಾಯಿಸಬೇಕು?

ಓಡಾಟ ಕಡಿಮೆಯಾದಷ್ಟು ಅನ್ನ, ಮುದ್ದೆ ಕಡಿಮೆ ಮಾಡಿ. ಮೊಟ್ಟೆ, ಕೋಳಿ ಕಡಿಮೆ ಮಾಡಬೇಡಿ, ಮೈಯ ಮಾಂಸ ಕರಗುತ್ತದೆ. ಕಿಡ್ನಿ ತೊಂದರೆ ಇದೆ ಅಂತ ಡಾಕ್ಟರು ಹೇಳಿದರೆ ಮಾತ್ರ ಲೆಕ್ಕ ಬೇರೆ. ಅದಕ್ಕೇ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿ. ನೀರು ಇದ್ದಕ್ಕಿದ್ದ ಹಾಗೆ ಜಾಸ್ತಿ ಕುಡಿಯುತ್ತಿದ್ದರೆ ಕೂಡಲೇ ತೋರಿಸಿ.

ಕರಿಯನಿಗೆ ಈಗ ಹಿಂದಿನ ಹಲ್ಲು ಎರಡಿಲ್ಲ. ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿ, ಕುಂಬಳಕಾಯಿ ಹಿಸುಕಿ, ಬೆಚ್ಚಗಿನ ರಸದಲ್ಲಿ ಕಲಸುತ್ತೇನೆ. ಬೆಚ್ಚಗಿದ್ದರೆ ವಾಸನೆ ಚೆನ್ನಾಗಿ ಬರುತ್ತದೆ, ಮೂಗು ಮಂದವಾದ ನಾಯಿಗೂ ಹಸಿವಾಗುತ್ತದೆ. ಕತ್ತು ಬಗ್ಗಿಸಲು ಕಷ್ಟ ಅಂತ ಬಟ್ಟಲನ್ನು ಮಣೆಯ ಮೇಲಿಟ್ಟಿದ್ದೇನೆ. ಕುಕ್ಕರ್ ಮೂರನೇ ಸಲ ಕೂಗಿದ ಕೂಡಲೇ ಎದ್ದು ಬಂದು ಆ ಮಣೆಯ ಪಕ್ಕ ಕೂರುತ್ತಾನೆ.